ಕೆಂಪು ದಂಟು, ಹಳದಿ ದಂಟು

ಒಂದೇ ಬೀಜದಿಂದ ಎರಡು ಸಸಿ ಎದ್ದಿದ್ದವು. ಒಂದರ ದಂಟು ಕೆಂಪು, ಇನ್ನೊಂದರದು ಹಳದಿ. ಲಲಿತಾಬಾಯಿ ಕುಂಡದ ಮುಂದೆ ಕೂತುಬಿಟ್ಟರು.

ಹುಮನಾಬಾದಿನಿಂದ ತಂದ ಬಣ್ಣಬಣ್ಣದ ದಂಟಿನ ಸ್ವಿಸ್ ಚಾರ್ಡ್ ಸೊಪ್ಪಿನ ಬೀಜವನ್ನು ಊರುತ್ತ ಗಂಡ ಬಕ್ಕಪ್ಪ, "ಕೆಂಪು ದಂಟೇ ಬರ್ತದ. ಸೋತವರು ಚಹಾ ಮಾಡಬೇಕು, ಏನಂತಿ?" ಎಂದಿದ್ದರು. "ಹಳದಿನೇ ಬರ್ತದ, ನೋಡ್ತಿರ್ರಿ" ಎಂದು ಲಲಿತಾಬಾಯಿಯೂ ಹಟ ಹಿಡಿದಿದ್ದರು. ಮೊಳಕೆ ಕಾಣುವ ಮೊದಲೇ ಬಕ್ಕಪ್ಪ ತೀರಿಕೊಂಡರು.

"ಈ ಸೊಪ್ಪಿನ ಒಂದೊಂದು ಬೀಜದಾಗ ಎರಡು-ಮೂರು ಮೊಳಕಿ ಇರ್ತಾವ. ಎರಡೂ ಬಿಟ್ರ ಯಾವುದೂ ಛಂದ ಬೆಳೆಯಂಗಿಲ್ರಿ ಅತ್ತಿ. ಒಂದು ಕಿತ್ತುಬಿಡ್ರಿ" ಎಂದಳು ಸೊಸೆ ಮನೀಷಾ.

ನಲವತ್ತು ವರ್ಷ ಗಂಡನ ಎದುರು ಒಂದು ಮಾತಿನಲ್ಲೂ ಸೋಲದ ಲಲಿತಾಬಾಯಿ ಹಳದಿ ದಂಟಿನ ಸಸಿಯನ್ನು ಮೆಲ್ಲಗೆ ಕಿತ್ತರು. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದರು.

"ನೀ ಒಲಿ ಹಚ್ಚಬ್ಯಾಡ ಮನೀಷಾ. ಇವತ್ತಿನ ಚಹಾ ನಾ ಮಾಡಬೇಕು."