ಹೊನ್ನನ ತೂಕ

“ಮೂರು ತಿಂಗಳಲ್ಲಿ ಆರು ಕೆಜಿ ಏರಿದಾನೆ. ಗೋಲ್ಡನ್ ರಿಟ್ರೀವರ್‌ಗಳೇ ಹಾಗಮ್ಮ, ಯಾರು ಏನು ಕೊಟ್ರೂ ತಿಂತಾವೆ. ಹೀಗೇ ಬಿಟ್ರೆ ಹೃದಯ ತಡೆಯಲ್ಲ,” ಎಂದಿದ್ದರು ನಾಯಿ ಡಾಕ್ಟರು.

ಭಾರ್ಗವಿ ಮನೆಗೆ ಬಂದವಳೇ ವಿಚಾರಣೆಗಿಳಿದಳು. ಗಂಡ ಆಣೆಯಿಟ್ಟ. ಮಗಳು ಅತ್ತೇಬಿಟ್ಟಳು. ಅತ್ತೆ ಮಾತ್ರ ಸಿಡುಕಿದರು.

“ಮಡೀಲಿರೋಳು ನಾನು. ನಾಯಿ ಮುಟ್ತೀನೇನೇ?”

ಅದೂ ನಿಜವೇ. ಹೊನ್ನ ಹತ್ತಿರ ಸುಳಿದರೂ ಅವರಿಗಾಗದು. ಎಲ್ಲರ ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಉಣ್ಣುವವರು; ಒಂದಗುಳೂ ಬಿಡದೆ ತಟ್ಟೆ ತೊಳೆದಿಡುವವರು.

ಮರುದಿನ ಮಧ್ಯಾಹ್ನ ಭಾರ್ಗವಿ ಯಾರಿಗೂ ಹೇಳದೆ ಆಫೀಸಿನಿಂದ ಬಂದಳು. ಹೊನ್ನ ಎಲ್ಲೂ ಕಾಣಲಿಲ್ಲ. ಅನುಮಾನ ಬಂದು ಅತ್ತೆಯ ಕೋಣೆಯ ಕಿಟಕಿ ತಳ್ಳಿದಳು. ಒಳಗೆ ಹೊನ್ನ ಅತ್ತೆಯ ತಟ್ಟೆಗೇ ಬಾಯಿ ಹಾಕಿದ್ದ. ಅತ್ತೆ ಅವನ ತಲೆ ಸವರುತ್ತಿದ್ದರು.

“ಅತ್ತೆ! ಅವನನ್ನ ಸಾಯಿಸ್ಬೇಕು ಅಂತಿದೀರಾ?”

ಅತ್ತೆ ಬೆಚ್ಚಿಬಿದ್ದರು. ಮೊಣಕೈವರೆಗೂ ಜಾರಿದ್ದ ಬಳೆಗಳನ್ನು ಮಣಿಕಟ್ಟಿಗೆ ಎಳೆದುಕೊಳ್ಳುತ್ತ ಕಿಟಕಿಯ ಬಳಿ ಬಂದರು.

“ನನ್ನ ಮಗನಿಗೆ ಹೇಳಬೇಡ ಕಣೇ. ಮೂರು ತಿಂಗಳಾಯ್ತು, ನಂಗೆ ಅನ್ನ ಗಂಟಲಿಂದ ಕೆಳಗಿಳೀತಿಲ್ಲ.”