ಓದದೆ ಬಿಟ್ಟ ಸಾಲು

"ಆಕಳು ಒಂದು, ಕರು ಸಹಿತ," ಎಂದು ಬಳುವಳಿಯ ಪಟ್ಟಿ ಓದುತ್ತಿದ್ದ ಮಹಾಂತಯ್ಯ ಮಾಸ್ತರರ ನಾಲಿಗೆ ಮುಂದೆ ಹೊರಳಲಿಲ್ಲ.

ಮುಂದಿನ ಸಾಲು ಅವರದೇ ಅಕ್ಷರದಲ್ಲಿತ್ತು: ಎಂಕಮ್ಮ, ವಯಸ್ಸು ಹನ್ನೆರಡು. ಮಕ್ತಲದ ಖಂಡಪ್ಪ ದೇಸಾಯರ ಮಗಳು ಶಿವಬಸಮ್ಮ ಗದ್ವಾಲದ ಸೊಸೆಯಾಗಿ ಹೊರಟಿದ್ದಳು. ನಾರಾಯಣಪೇಟೆಯ ಸೀರೆ, ತಾಮ್ರದ ಹಂಡೆಗಳ ಜೊತೆ ಒಬ್ಬ ದಾಸಿಯನ್ನೂ ಕಳಿಸುವುದು ಆ ಮನೆತನದ ವಾಡಿಕೆ. ಎಂಕಮ್ಮನ ತಾಯಿ ಜೋಗಮ್ಮ ದೇಸಾಯರ ಈ ವಾಡೆಗೆ ಬಂದದ್ದೂ ಹಾಗೆಯೇ, ದೇಸಾಯಿಣಿಯ ಬಂಡಿಯ ಹಿಂದೆ. ಪಟ್ಟಿಯಲ್ಲಿ ಎಲ್ಲರೆದುರು ಓದಿದ್ದು ಬೀಗರಿಗೆ ಸೇರಿದ್ದು, ಓದದೆ ಬಿಟ್ಟದ್ದು ಇಲ್ಲೇ ಉಳಿಯುವುದು; ಅದು ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು: ವಾಡೆಯ ಅಗಸಿ ಬಾಗಿಲು ದಾಟುವ ಮೊದಲು ಬಂಡಿ ಮುರಿದರೆ ಅಪಶಕುನ, ಅದರಲ್ಲಿದ್ದುದೆಲ್ಲ ಇಲ್ಲೇ ಉಳಿಯಬೇಕು. ನಿಜಾಮರ ಕಾನೂನು ಕೂಡ ಈ ಕಟ್ಟಳೆಗಳ ತಂಟೆಗೆ ಬರುತ್ತಿರಲಿಲ್ಲ.

ಮಾಸ್ತರರ ಚಡಪಡಿಕೆಗೆ ಕಾರಣ ಅವರದೇ ಪಾಠ. ಹೋದ ವಾರ ಪಡಸಾಲೆಯಲ್ಲಿ ಶಿವಬಸಮ್ಮನಿಗೆ ಅಮೆರಿಕದ ಲಿಂಕನ್ನನ ಕಥೆ ಹೇಳಿದ್ದರು. ದೇಶ ಎರಡಾಗಿ ಹೊಡೆದಾಡುತ್ತಿದ್ದಾಗಲೇ, ಗುಲಾಮರು ಇನ್ನು ಸ್ವತಂತ್ರರು ಎಂದು ಆತ ಕಾಗದ ಹೊರಡಿಸಿದ್ದು, ಕೊನೆಗೆ ದೇಶವೂ ಒಂದಾದದ್ದು. ಹುಡುಗಿ ಕಣ್ಣೊರೆಸಿಕೊಂಡಿದ್ದಳು. ಕಸ ಗುಡಿಸುತ್ತಿದ್ದ ಜೋಗಮ್ಮ ಕೈ ನಿಲ್ಲಿಸಿ ಕೇಳಿದ್ದಳು:

"ಕಾಗದ ಬರದ್ರ ಸಾಕಿತ್ತಲ್ಲರೀ, ಯುದ್ಧ ಯಾಕ ಬೇಕಾತು?"

ಮಾಸ್ತರರು ಪುಸ್ತಕ ಮುಚ್ಚಿ ಎದ್ದುಬಿಟ್ಟಿದ್ದರು. ಅಂದಿನಿಂದ ಊಟವೂ ರುಚಿಸಿರಲಿಲ್ಲ. ಆದರೂ ನಿನ್ನೆ ದೇಸಾಯರು ಹೇಳಿಬರೆಸಿದಾಗ ಆ ಹೆಸರನ್ನು ದುಂಡಗೆ ಬರೆದಿದ್ದರು. ಉಪ್ಪು ತಿಂದ ಮನೆ, ಏನು ಮಾಡುತ್ತಾರೆ ಪಾಪ.

ಈಗ ಅಂಗಳದಲ್ಲಿ ಜೋಗಮ್ಮ ಹಂಡೆ ಹೇರಿದ ಬಂಡಿಯ ಗಾಲಿಗೆ ಒರಗಿ ಕುಳಿತು ಅವರನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಕರು ತಾಯಿಯ ಕೆಚ್ಚಲಿಗೆ ಬಾಯಿಟ್ಟಿತ್ತು. ಮಾಸ್ತರರು ಪಟ್ಟಿಯನ್ನು ಮಡಚಿಬಿಟ್ಟರು.

"ಇಷ್ಟ ನೋಡ್ರಿ. ಮುಗೀತು."

ತಮ್ಮ ಧೈರ್ಯಕ್ಕೆ ತಾವೇ ಬೆವರಿದರು. ಬೀಗರು ತಲೆಯಾಡಿಸಿದರು, ದೇಸಾಯರು ಎಲೆಗೆ ಸುಣ್ಣ ಹಚ್ಚುವುದರಲ್ಲಿದ್ದರು. ಒಂದು ಗಳಿಗೆ ಎಲ್ಲ ಸರಿಹೋಯಿತೆಂದೇ ಅನ್ನಿಸಿತು.

"ಎಂಕಿ ಹೆಸರು ಓದ್ಲೇ ಇಲ್ಲಲ್ರೀ ಮಾಸ್ತರ," ಎಂದಳು ಶಿವಬಸಮ್ಮ. "ಆಕಿ ಇಲ್ದ ನಾ ಅಲ್ಲಿ ಹೆಂಗ ಇರ್ಲಿ?" ಅವಳ ಕಣ್ಣಲ್ಲಿ ಪಾಠದ ದಿನದಂತೆಯೇ ನೀರಿತ್ತು.

ದೇಸಾಯರು ತಲೆ ಎತ್ತಿದರು. "ಓದ್ರಿ."

ಮಾಸ್ತರರು ಓದಿದರು. ಎಂಕಮ್ಮ ಬಂಡಿ ಹತ್ತಿ ಹಂಡೆಗಳ ನಡುವೆ ಮುದುಡಿ ಕುಳಿತಳು. ಎತ್ತು ಹೂಡಿದರು. ನಾಚಿಕೆಯಿಂದ ಕುಗ್ಗಿಹೋದ ಮಾಸ್ತರರು ಜೋಗಮ್ಮನ ಬಳಿ ಬಂದು ನಿಂತರು.

"ನನ್ನ ಕೈಲಿ ಆಗ್ಲಿಲ್ಲವ್ವ," ಎಂದರು.

ಜೋಗಮ್ಮ ಅಳುತ್ತಿರಲಿಲ್ಲ. ಅವಳ ಕಣ್ಣು ಅಗಸಿಯತ್ತ ನಿಧಾನವಾಗಿ ಉರುಳತೊಡಗಿದ ಗಾಲಿಯ ಮೇಲಿತ್ತು.

"ಆ ದೇಶದಾಗ ಯುದ್ಧ ಯಾಕ ಬೇಕಾತು ಅಂತ ನೀವು ಹೇಳಿದ್ದಿಲ್ಲ. ಈಗ ತಿಳೀತು ಬಿಡ್ರಿ," ಎಂದು ಸೆರಗಿನಡಿಯ ಮುಷ್ಟಿಯನ್ನು ಅವರೊಬ್ಬರಿಗೇ ಕಾಣುವಷ್ಟು ಬಿಚ್ಚಿದಳು. ಒಳಗೆ, ಗಾಲಿ ಕಳಚದಂತೆ ಅಚ್ಚಿಗೆ ಹಾಕುವ ಕಡಾಣಿ ಇತ್ತು.