ಯಾರ ಕಡೆಯ ಕಣ್ಣು

ಒಂದೂರಲ್ಲಿ ಒಬ್ಬರು ಅತ್ತೆ, ಒಬ್ಬಳು ಸೊಸೆ ಇದ್ದರು. ಅತ್ತೆಯೋ, ಮುಖ ತೊಳೆಯುವಾಗಲೂ ಬಚ್ಚಲಿನ ಅಗುಳಿ ಹಾಕಿಕೊಳ್ಳುವ ಮಹಾರಾಣಿ. ನಾಮಕರಣದ ಫೋಟೊದಲ್ಲಿ ಸೊಸೆಯ ಕೂಸಿನ ಒಂದು ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯಿತು. ಸೊಸೆ ಹಟ ಹಿಡಿದು ಗಂಡ, ಅತ್ತೆ ಎಲ್ಲರನ್ನೂ ಆಸ್ಪತ್ರೆಗೆ ಕರೆತಂದಳು.

“ಕಣ್ಣೊಳಗೆ ಗಡ್ಡೆ ಇದೆ,” ಎಂದರು ಡಾಕ್ಟರಮ್ಮ. “ಕೆಲವರಿಗೆ ಇದು ವಂಶದಿಂದ ಬರುತ್ತೆ.”

ಅತ್ತೆ ಸಿಡಿದರು. “ಕೇಳಿಸ್ತೇನೇ? ನಿನ್ನ ತೌರಿನ ಪೀಡೆ! ಯಾರ ಕಡೆಯದು ಅಂತ ಇವತ್ತು ಇಲ್ಲೇ ತೋರಿಸಿ, ನಿನ್ನನ್ನ ಅಲ್ಲಿಗೇ ಅಟ್ಟದಿದ್ರೆ ಕೇಳು.”

“ಅಟ್ಟಿ ಅತ್ತೆ. ಮೊದಲು ಮಗು ಉಳೀಲಿ.”

“ಎದುರು ಮಾತಾಡ್ತೀಯ?”

“ಜಗಳ ಹೊರಗೆ,” ಎಂದ ಡಾಕ್ಟರಮ್ಮ ಸೊಸೆಯ ಕಣ್ಣು ನೋಡಿದರು, ಅವಳ ಗಂಡನ ಕಣ್ಣು ನೋಡಿದರು. “ಇಬ್ಬರಿಗೂ ಏನೂ ಇಲ್ಲ. ಕೆಲವೊಮ್ಮೆ ಒಂದು ತಲೆಮಾರು ಬಿಟ್ಟೂ ಬರುತ್ತೆ. ನೀವು ಬನ್ನಿ, ಅಜ್ಜಿ.”

“ನಾನ್ಯಾಕೆ?”

“ವಂಶದ್ದಾದರೆ ಮಗುವಿನ ಇನ್ನೊಂದು ಕಣ್ಣಿಗೂ ಬರಬಹುದು. ಮೊದಲೇ ಗೊತ್ತಾದರೆ ಅದನ್ನಾದರೂ ಉಳಿಸಬಹುದು.”

ಅತ್ತೆ ಕೂಸನ್ನು ನೋಡಿದರು. ಸೊಸೆಯನ್ನು ದುರುಗುಟ್ಟಿದರು.

“ಕೈ ಒಡ್ಡೇ,” ಎಂದು ಗದರಿದರು. “ಕೂಸಾಗಿದ್ದಾಗ ನಂದೂ ಹೀಗೇ ಹೊಳೀತಿತ್ತಂತೆ.”

ಆಮೇಲೆ ತಮ್ಮ ಗಾಜಿನ ಎಡಗಣ್ಣನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.